ತೆರೆಯದ ಸ್ಟೋರ್, ಕಾರಣ ಕೇಳದ ರಿಪೇರಿ

ವಿಂಡೋಸ್ ಕಂಪ್ಯೂಟರಿನ ಜೊತೆಗೇ ಬರುವ ಮೈಕ್ರೋಸಾಫ್ಟ್ ಸ್ಟೋರ್, ಅಂದರೆ ತಂತ್ರಾಂಶಗಳನ್ನು ಪಡೆಯುವ ಮತ್ತು ಪರಿಷ್ಕರಿಸಿಕೊಳ್ಳುವ ಅಧಿಕೃತ ಮಳಿಗೆ, ಒಂದು ದಿನ ತೆರೆಯದೆ ಹೋದರೆ ಅದರ ಕಾರಣ ಹುಡುಕುತ್ತ ಕೂರಬೇಕಾಗಿಲ್ಲ, ರೂಢಿಯಲ್ಲಿರುವ ಹತ್ತಾರು ಪರಿಹಾರಗಳನ್ನು ಒಂದರ ಹಿಂದೊಂದರಂತೆ ಪ್ರಯೋಗಿಸಿದರೆ ಯಾವುದಾದರೊಂದು ಫಲಿಸುತ್ತದೆ, ಯಾವುದೂ ಫಲಿಸದಿದ್ದರೆ ವಿಂಡೋಸನ್ನು ಪೂರ್ತಿ ಅಳಿಸಿ ಮತ್ತೆ ಹಾಕಿದರಾಯಿತು ಎಂಬ ಅಭಿಪ್ರಾಯ ಬೀದಿಬದಿಯ ರಿಪೇರಿ ಅಂಗಡಿಯಿಂದ ದೊಡ್ಡ ಕಚೇರಿಗಳ ತಾಂತ್ರಿಕ ವಿಭಾಗದವರೆಗೆ ನೆಲೆಯೂರಿದೆ. ಇದರ ಬೆನ್ನಿಗೆ ಇನ್ನೆರಡು ನಂಬಿಕೆಗಳು ಅಂಟಿಕೊಂಡಿವೆ: ಸ್ಟೋರ್ ಕೆಟ್ಟರೆ ಅದು ಬಳಸುವವರ ಅಜಾಗರೂಕತೆಯಿಂದಲೇ ಕೆಟ್ಟಿರುತ್ತದೆ ಎಂಬುದು ಒಂದು, ಸ್ಟೋರ್ ಇಲ್ಲದಿದ್ದರೂ ಕಂಪ್ಯೂಟರಿಗೆ ಯಾವ ಕೊರತೆಯೂ ಆಗುವುದಿಲ್ಲ ಎಂಬುದು ಮತ್ತೊಂದು. ಈ ಮೂರೂ ತಪ್ಪು ತಿಳಿವಳಿಕೆಗಳು. ಸ್ಟೋರಿನ ಪುಟ ಪರದೆಯ ಮೇಲೆ ಮೂಡುವ ಮೊದಲು ವಿಂಡೋಸ್ ಹಲವು ಪರಿಶೀಲನೆಗಳನ್ನು ನಡೆಸುತ್ತದೆ. ಅವುಗಳಲ್ಲಿ ಯಾವುದೋ ಒಂದು ವಿಫಲವಾದಾಗ ಸ್ಟೋರ್ ತೆರೆಯುವುದಿಲ್ಲ. ಯಾವ ಪರಿಶೀಲನೆ ವಿಫಲವಾಯಿತು ಎಂಬುದನ್ನು ತಿಳಿಯದೆ ಕೈಹಾಕಿದ ರಿಪೇರಿ ಹಲವು ಬಾರಿ ಇದ್ದ ದೋಷವನ್ನು ಹಾಗೇ ಉಳಿಸಿ, ಹೊಸ ದೋಷವೊಂದನ್ನು ಅದರ ಜೊತೆಗೆ ಸೇರಿಸುತ್ತದೆ.

ಸ್ಟೋರ್ ಇಲ್ಲದಿದ್ದರೆ ನಷ್ಟವಿಲ್ಲ ಎಂಬ ಮಾತನ್ನು ಮೊದಲು ಪರಿಶೀಲಿಸಬಹುದು. 2012ರಲ್ಲಿ ವಿಂಡೋಸ್ 8ರೊಂದಿಗೆ ವಿಂಡೋಸ್ ಸ್ಟೋರ್ ಎಂಬ ಹೆಸರಿನಲ್ಲಿ ಇದು ಬಂದಾಗ, ಅಲ್ಲಿದ್ದ ತಂತ್ರಾಂಶಗಳ ಸಂಖ್ಯೆಯೂ ಉಪಯೋಗವೂ ಕಡಿಮೆಯಿದ್ದ ಕಾರಣ ಆ ಮಾತಿಗೆ ಒಂದಿಷ್ಟು ಆಧಾರವಿತ್ತು. 2017ರಲ್ಲಿ ಮೈಕ್ರೋಸಾಫ್ಟ್ ಸ್ಟೋರ್ ಎಂದು ಮರುನಾಮಕರಣಗೊಳ್ಳುವ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಈಗಂತೂ ಕ್ಯಾಲ್ಕುಲೇಟರ್, ಫೋಟೋಸ್, ನೋಟ್‌ಪ್ಯಾಡ್‌ಗಳಂಥ ವಿಂಡೋಸಿನ ಮೂಲ ಸಲಕರಣೆಗಳೇ ಸ್ಟೋರಿನ ಮೂಲಕ ಪರಿಷ್ಕರಣೆ ಪಡೆಯುತ್ತವೆ. 2020ರ ಜೂನ್ ಕೊನೆಯಲ್ಲಿ ವಿಂಡೋಸಿನ ಕೋಡೆಕ್ ಸಂಗ್ರಹದಲ್ಲಿ, ಎಂದರೆ ಚಿತ್ರ ಮತ್ತು ವಿಡಿಯೋಗಳನ್ನು ಬಿಡಿಸಿ ಓದುವ ತಂತ್ರಾಂಶ ಭಾಗದಲ್ಲಿ, ಎರಡು ಗಂಭೀರ ಭದ್ರತಾ ಲೋಪಗಳು ಪ್ರಕಟವಾದಾಗ ಅವುಗಳ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎಂದಿನ ವಿಂಡೋಸ್ ಅಪ್‌ಡೇಟ್ ಮೂಲಕ ಕಳುಹಿಸದೆ ಸ್ಟೋರಿನ ಮೂಲಕವೇ ಕಳುಹಿಸಿತು. ಆ ದಿನಗಳಲ್ಲಿ ಸ್ಟೋರ್ ಕೆಟ್ಟಿದ್ದ ಕಂಪ್ಯೂಟರಿನ ಮಾಲೀಕರು ವಿಂಡೋಸ್ ಅಪ್‌ಡೇಟನ್ನು ತಪ್ಪದೆ ಹಾಕಿಕೊಂಡಿದ್ದರೂ ಆ ತಿದ್ದುಪಡಿ ಅವರನ್ನು ತಲುಪುವಂತಿರಲಿಲ್ಲ.

ಕನ್ನಡ ಬಳಸುವವರಿಗೆ ಇನ್ನೊಂದು ನೇರ ನಷ್ಟವಿದೆ. ಕನ್ನಡದ ಅಕ್ಷರಗಳನ್ನು ತೋರಿಸುವ ನಿರ್ಮಲಾ ಯುಐ ಫಾಂಟ್ ವಿಂಡೋಸಿನಲ್ಲಿ ಮೊದಲೇ ಇರುತ್ತದೆ, ಕೀಲಿಮಣೆಯ ವಿನ್ಯಾಸಗಳೂ ಜೊತೆಗೇ ಬರುತ್ತವೆ. ಆದರೆ ಮೆನು, ಸೆಟ್ಟಿಂಗ್ಸ್, ಸಂದೇಶಗಳನ್ನೆಲ್ಲ ಕನ್ನಡದಲ್ಲಿ ತೋರಿಸುವ ಸ್ಥಳೀಯ ಭಾಷಾ ಪ್ಯಾಕನ್ನು 2018ರಿಂದೀಚೆಗೆ ಸ್ಟೋರಿನ ಮೂಲಕ ಹಂಚಲಾಗುತ್ತಿದೆ. ಸ್ಟೋರ್ ತೆರೆಯದ ಕಂಪ್ಯೂಟರಿನಲ್ಲಿ ಭಾಷೆಯ ಪಟ್ಟಿಗೆ ಕನ್ನಡವನ್ನು ಸೇರಿಸಿದರೂ ವಿಂಡೋಸ್ ಇಂಗ್ಲಿಷಿನಲ್ಲೇ ಉಳಿಯುತ್ತದೆ, ಮತ್ತು ಕನ್ನಡದಲ್ಲಿ ಕಂಪ್ಯೂಟರ್ ಕೆಲಸವೇ ಸಾಧ್ಯವಿಲ್ಲವೇನೋ ಎಂಬ ಹುಸಿ ತೀರ್ಮಾನಕ್ಕೆ ಅದು ದಾರಿಮಾಡುತ್ತದೆ. ಇದಕ್ಕಿಂತ ಬಿಗಿಯಾದ ಸ್ಥಿತಿ ಎಸ್ ಮೋಡ್ ಎಂಬ ವಿಧದ ವಿಂಡೋಸ್ ಇರುವ, ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳದು. 2017ರಲ್ಲಿ ಆರಂಭವಾದ ಈ ವಿಧದಲ್ಲಿ ಸ್ಟೋರಿನ ಹೊರಗಿನ ಯಾವ ತಂತ್ರಾಂಶವೂ ನಡೆಯುವುದಿಲ್ಲ. ಆ ನಿರ್ಬಂಧವನ್ನು ತೆಗೆಯಬೇಕೆಂದರೂ ಸ್ಟೋರಿನ ಒಂದು ಪುಟಕ್ಕೇ ಹೋಗಬೇಕು. ರಿಪೇರಿಯವರು ಮೊದಲು ಕೈಚಾಚುವ ಕಮಾಂಡ್ ಪ್ರಾಂಪ್ಟ್ ಮತ್ತು ಪವರ್‌ಶೆಲ್, ಎಂದರೆ ಆದೇಶಗಳನ್ನು ಟೈಪಿಸಿ ನಡೆಸುವ ಕಿಟಕಿಗಳು, ಅಲ್ಲಿ ನಿರ್ಬಂಧಿತ. ಅಂಥ ಯಂತ್ರದಲ್ಲಿ ಸ್ಟೋರ್ ತೆರೆಯದಿದ್ದರೆ ಹೊರಬರುವ ಬಾಗಿಲೂ ಮುಚ್ಚಿರುತ್ತದೆ.

ಇಷ್ಟು ಮಹತ್ವದ ಭಾಗವೊಂದು ಕೆಟ್ಟಾಗ ರೂಢಿಯ ಪರಿಹಾರಪಟ್ಟಿ ಮಾಡುವುದೇನು? ಅದರ ಮೊದಲ ಸಾಲಿನಲ್ಲಿ ಯಾವಾಗಲೂ ಇರುವುದು ಡಬ್ಲ್ಯೂಎಸ್‌ರೀಸೆಟ್ ಎಂಬ ಪುಟ್ಟ ಸಲಕರಣೆ. ಅದನ್ನು ನಡೆಸಿದಾಗ ಖಾಲಿ ಕಪ್ಪು ಕಿಟಕಿಯೊಂದು ಕೆಲಹೊತ್ತು ಕಾಣಿಸಿ, ಮುಚ್ಚಿ, ಬಳಿಕ ಸ್ಟೋರ್ ತೆರೆಯಬೇಕು. ಅದು ಮಾಡುವ ಕೆಲಸ ಒಂದೇ: ಸ್ಟೋರ್ ಬೇಗ ತೆರೆಯಲೆಂದು ತಾತ್ಕಾಲಿಕವಾಗಿ ಕೂಡಿಟ್ಟುಕೊಂಡ ಮಾಹಿತಿಯನ್ನು, ಎಂದರೆ ಕ್ಯಾಶ್ ಅನ್ನು, ಖಾಲಿ ಮಾಡುವುದು. ಈ ಮಾಹಿತಿ ಕಲುಷಿತಗೊಂಡಿದ್ದರೆ ಪರಿಹಾರ ನಿಜವಾಗಿಯೂ ಸಿಗುತ್ತದೆ, ಅದರಿಂದ ಹಾನಿಯೂ ಇಲ್ಲ, ಆದ್ದರಿಂದ ಕಂಪ್ಯೂಟರನ್ನು ಒಮ್ಮೆ ಮರುಪ್ರಾರಂಭಿಸಿದ ಮೇಲೆ ಇದನ್ನೂ ನೋಡುವುದರಲ್ಲಿ ಆಕ್ಷೇಪಿಸುವಂಥದ್ದೇನಿಲ್ಲ. ಆಕ್ಷೇಪ ಇರುವುದು ಅದರ ಮುಂದಿನ ತರ್ಕಕ್ಕೆ. ಕ್ಯಾಶ್ ಖಾಲಿಯಾದರೂ ಸ್ಟೋರ್ ತೆರೆಯಲಿಲ್ಲವೆಂದರೆ ದೋಷ ಕ್ಯಾಶಿನಲ್ಲಿಲ್ಲ ಎಂಬ ಒಂದು ತಿಳಿವಳಿಕೆ ದೊರೆತಂತಾಯಿತು. ಆ ತಿಳಿವಳಿಕೆಯನ್ನು ಬಳಸಿ ಮುಂದಿನ ಹೆಜ್ಜೆಯನ್ನು ಆರಿಸಬೇಕು. ಪಟ್ಟಿಯನ್ನು ನಂಬಿದವರು ಹಾಗೆ ಮಾಡುವುದಿಲ್ಲ. ಅವರಿಗೆ ಪ್ರತಿಯೊಂದು ವಿಫಲ ಪರಿಹಾರವೂ ಮುಂದಿನದಕ್ಕೆ ಹೋಗಲು ಒಂದು ನೆಪ ಮಾತ್ರ, ಮತ್ತು ಪಟ್ಟಿಯಲ್ಲಿ ಕೆಳಗಿಳಿದಂತೆಲ್ಲ ಪರಿಹಾರಗಳು ಹೆಚ್ಚು ಅಪಾಯಕಾರಿಯಾಗುತ್ತ ಹೋಗುತ್ತವೆ.

ಸ್ಟೋರಿನ ಚಿಹ್ನೆಯನ್ನು ಒತ್ತಿದ ಕ್ಷಣದಿಂದ ಪುಟ ಮೂಡುವವರೆಗೆ ಏನೇನು ನಡೆಯುತ್ತದೆ ಎಂಬುದನ್ನು ತಿಳಿದರೆ ಈ ಪದ್ಧತಿಯ ದೌರ್ಬಲ್ಯ ಸ್ಪಷ್ಟವಾಗುತ್ತದೆ. ಸ್ಟೋರ್ ಹಳೆಯ ಬಗೆಯ ತಂತ್ರಾಂಶವಲ್ಲ. ಅದು ಪ್ಯಾಕೇಜು ಎಂಬ ರೂಪದಲ್ಲಿದೆ, ಎಂದರೆ ಅದರ ಕಡತಗಳೆಲ್ಲ ತಯಾರಕರ ಡಿಜಿಟಲ್ ಸಹಿಯೊಂದಿಗೆ ಒಂದು ಕಟ್ಟಿನಲ್ಲಿ ಬರುತ್ತವೆ. ಕಡತಗಳನ್ನು 64 ಕಿಲೋಬೈಟಿನ ತುಂಡುಗಳಾಗಿ ವಿಂಗಡಿಸಿ ಪ್ರತಿ ತುಂಡಿನ ಗುರುತುಸಂಖ್ಯೆಯನ್ನು ಬರೆದಿಟ್ಟಿರುವ ಪಟ್ಟಿ ಆ ಕಟ್ಟಿನೊಳಗೇ ಇರುವುದರಿಂದ, ಯಾರಾದರೂ ನಡುವೆ ಒಂದಕ್ಷರ ತಿದ್ದಿದರೂ ಪರಿಶೀಲನೆಯಲ್ಲಿ ಅದು ಪತ್ತೆಯಾಗುತ್ತದೆ. ಈ ಪ್ಯಾಕೇಜು ಕಂಪ್ಯೂಟರಿನಲ್ಲಿ ಒಂದೇ ಕಡೆ, ವಿಂಡೋಸ್‌ಆಪ್ಸ್ ಎಂಬ ಕಾವಲಿರುವ ಫೋಲ್ಡರಿನಲ್ಲಿ ಇರುತ್ತದೆ. ಆದರೆ ಅದರ ನೋಂದಣಿ ಮಾತ್ರ ಆ ಕಂಪ್ಯೂಟರನ್ನು ಬಳಸುವ ಪ್ರತಿಯೊಬ್ಬರ ಖಾತೆಗೂ ಬೇರೆ ಬೇರೆಯಾಗಿ ನಡೆಯುತ್ತದೆ, ಪ್ರತಿಯೊಬ್ಬರ ದತ್ತಾಂಶವೂ ಬೇರೆ ಬೇರೆ ಜಾಗದಲ್ಲಿರುತ್ತದೆ. ಕಡತಗಳು ಸಮಸ್ತರಿಗೂ ಒಂದೇ, ನೋಂದಣಿ ಮಾತ್ರ ಪ್ರತ್ಯೇಕ ಎಂಬ ಈ ಒಂದು ಸಂಗತಿಯಲ್ಲೇ ಅತ್ಯಂತ ಉಪಯುಕ್ತವಾದ ಪರೀಕ್ಷೆಯೊಂದು ಅಡಗಿದೆ: ಹೊಸದೊಂದು ಖಾತೆ ತೆರೆದು ಅಲ್ಲಿ ಸ್ಟೋರನ್ನು ಒತ್ತಿ ನೋಡಿದರೆ ಸಾಕು. ಅಲ್ಲಿ ತೆರೆದರೆ ಕಡತಗಳು, ಜಾಲಸಂಪರ್ಕ, ಸೇವೆಗಳು ಎಲ್ಲವೂ ಬಹುಮಟ್ಟಿಗೆ ಸರಿಯಿವೆ, ಹಳೆಯ ಖಾತೆಯ ನೋಂದಣಿ ಅಥವಾ ದತ್ತಾಂಶ ಮಾತ್ರ ಕೆಟ್ಟಿದೆ ಎಂದರ್ಥ; ಅಲ್ಲೂ ತೆರೆಯದಿದ್ದರೆ ದೋಷ ಇಡೀ ಕಂಪ್ಯೂಟರಿನದು ಅಥವಾ ಅದರ ಹೊರಗಿನದು. ಐದು ನಿಮಿಷದ ಈ ಪರೀಕ್ಷೆ ಪರಿಹಾರಪಟ್ಟಿಯ ಅರ್ಧದಷ್ಟನ್ನು ಅನಗತ್ಯವೆಂದು ತೋರಿಸಿಕೊಡುತ್ತದೆ, ಆದರೂ ರಿಪೇರಿಯ ವಾಡಿಕೆಯಲ್ಲಿ ಇದಕ್ಕೆ ಕೊನೆಯ ಸ್ಥಾನ.

ಪ್ಯಾಕೇಜು ಸರಿಯಿದ್ದ ಮೇಲೆ ಬರುವುದು ಜಾಲಸಂಪರ್ಕ, ಮತ್ತು ಪ್ರಚಲಿತ ಅಭಿಪ್ರಾಯ ಹೆಚ್ಚು ಎಡವುವುದು ಇಲ್ಲೇ. ಬ್ರೌಸರಿನಲ್ಲಿ ಜಾಲತಾಣಗಳು ತೆರೆಯುತ್ತಿವೆ, ಆದ್ದರಿಂದ ಇಂಟರ್ನೆಟ್ ಸರಿಯಿದೆ, ಆದ್ದರಿಂದ ಸ್ಟೋರೇ ಕೆಟ್ಟಿದೆ ಎಂಬ ತರ್ಕ ಎಷ್ಟು ಸಹಜವಾಗಿ ಕಾಣುತ್ತದೆಯೋ ಅಷ್ಟೇ ತಪ್ಪು. ಸ್ಟೋರಿನಂಥ ತಂತ್ರಾಂಶಗಳನ್ನು ವಿಂಡೋಸ್ ಒಂದು ಆವರಣದೊಳಗೆ ಇರಿಸಿ ನಡೆಸುತ್ತದೆ. ಆ ಆವರಣದ ನಿಯಮದ ಪ್ರಕಾರ ಅವು ಅದೇ ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಇನ್ನೊಂದು ತಂತ್ರಾಂಶದೊಂದಿಗೆ ಒಳಜಾಲದ ವಿಳಾಸದ ಮೂಲಕ ಮಾತಾಡುವಂತಿಲ್ಲ. ಪ್ರಾಕ್ಸಿ ಎಂದರೆ ಹೊರಜಾಲಕ್ಕೆ ಹೋಗುವ ಸಂಪರ್ಕವನ್ನು ನಡುವೆ ನಿಂತು ಸಾಗಿಸುವ ಮಧ್ಯವರ್ತಿ. ಕೆಲವು ವಿಪಿಎನ್ ತಂತ್ರಾಂಶಗಳು, ಜಾಹೀರಾತು ತಡೆಯುವ ಸಲಕರಣೆಗಳು, ಕೆಲವೊಮ್ಮೆ ದುರುದ್ದೇಶದ ತಂತ್ರಾಂಶಗಳು ಕಂಪ್ಯೂಟರಿನೊಳಗೇ ಇಂಥ ಪ್ರಾಕ್ಸಿಯೊಂದನ್ನು ಸ್ಥಾಪಿಸುತ್ತವೆ. ಆಗ ಆವರಣದ ಹೊರಗಿರುವ ಬ್ರೌಸರ್ ಆ ಪ್ರಾಕ್ಸಿಯ ಮೂಲಕ ಸರಾಗವಾಗಿ ಹೊರಜಾಲ ತಲುಪಿದರೂ ಆವರಣದೊಳಗಿನ ಸ್ಟೋರ್ ಅಲ್ಲಿಗೆ ಹೋಗಲಾರದೆ ಸಂಪರ್ಕವಿಲ್ಲವೆನ್ನುತ್ತದೆ. ಇನ್ನು ಇಂಟರ್ನೆಟ್ ಇದೆಯೋ ಇಲ್ಲವೋ ಎಂದು ನಿರ್ಧರಿಸಲು ವಿಂಡೋಸ್ ತನ್ನದೇ ಒಂದು ನಿರ್ದಿಷ್ಟ ತಾಣದಿಂದ ಸಣ್ಣ ಪಠ್ಯ ಕಡತವನ್ನು ತರಿಸಿ ಅದರಲ್ಲಿ ನಿರೀಕ್ಷಿತ ಪದಗಳೇ ಇವೆಯೇ ಎಂದು ನೋಡುತ್ತದೆ. ಮೈಕ್ರೋಸಾಫ್ಟಿಗೆ ಮಾಹಿತಿ ಹೋಗದಂತೆ ತಡೆಯುತ್ತೇವೆಂದು ಹೇಳಿಕೊಳ್ಳುವ, ವಿಂಡೋಸನ್ನು ಹಗುರಗೊಳಿಸುವುದಾಗಿ ಭರವಸೆ ಕೊಡುವ ಸಲಕರಣೆಗಳಲ್ಲಿ ಕೆಲವು ಆ ತಾಣದ ಹೆಸರನ್ನೂ ತಡೆಹಿಡಿದಿರುತ್ತವೆ. ಆಗ ಬ್ರೌಸರ್ ಓಡುತ್ತಿರುವಾಗಲೇ ವಿಂಡೋಸ್ ಸಂಪರ್ಕವಿಲ್ಲವೆಂದು ತೋರಿಸುತ್ತದೆ. ಫೋನಿನ ಹಾಟ್‌ಸ್ಪಾಟಿಗೆ ಕಂಪ್ಯೂಟರನ್ನು ಜೋಡಿಸಿ ನೋಡಿದರೆ ದೋಷ ಮನೆಯ ಅಥವಾ ಕಚೇರಿಯ ಜಾಲದಲ್ಲಿದೆಯೋ ಕಂಪ್ಯೂಟರಿನಲ್ಲಿದೆಯೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇದಕ್ಕೆ ಯಾವ ಆದೇಶವನ್ನೂ ಟೈಪಿಸಬೇಕಾಗಿಲ್ಲ.

ಗಡಿಯಾರದ ವಿಷಯ ಇದಕ್ಕಿಂತ ಸರಳ, ಆದ್ದರಿಂದಲೇ ಹೆಚ್ಚು ಉಪೇಕ್ಷಿತ. ಸ್ಟೋರ್ ತನ್ನ ಸರ್ವರಿನೊಂದಿಗೆ ಮಾತಾಡುವ ಮೊದಲು ಆ ಸರ್ವರ್ ನಿಜವಾದದ್ದೇ ಎಂದು ಅದರ ಡಿಜಿಟಲ್ ಪ್ರಮಾಣಪತ್ರವನ್ನು ಪರಿಶೀಲಿಸುತ್ತದೆ, ಮತ್ತು ಪ್ರತಿಯೊಂದು ಪ್ರಮಾಣಪತ್ರಕ್ಕೂ ಆರಂಭದ ದಿನಾಂಕ, ಮುಕ್ತಾಯದ ದಿನಾಂಕ ಎಂಬ ಎರಡು ಗಡಿಗಳಿರುತ್ತವೆ. 2020ರ ಸೆಪ್ಟೆಂಬರಿನಲ್ಲಿ ಜಾಲತಾಣಗಳ ಸಾರ್ವಜನಿಕ ಪ್ರಮಾಣಪತ್ರಗಳ ಅವಧಿ 398 ದಿನಗಳನ್ನು ಮೀರುವಂತಿಲ್ಲವೆಂಬ ನಿಯಮವನ್ನು ಪ್ರಮುಖ ಬ್ರೌಸರ್ ತಯಾರಕರು ಜಾರಿಗೆ ತಂದರು. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರುಗಳ ಮದರ್‌ಬೋರ್ಡಿನ ಮೇಲೆ, ವಿದ್ಯುತ್ ಇಲ್ಲದಾಗಲೂ ಗಡಿಯಾರ ನಡೆಯಲೆಂದು, ಸಿಆರ್ 2032 ಎಂಬ 3 ವೋಲ್ಟಿನ ಗುಂಡನೆಯ ಬ್ಯಾಟರಿಯೊಂದಿರುತ್ತದೆ. ಅದು ಬರಿದಾದಾಗ ಸ್ವಿಚ್ ಆರಿಸಿದೊಡನೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಮತ್ತು ಆ ದಿನಾಂಕದ ಕಣ್ಣಿಗೆ ಇಂದಿನ ಯಾವ ಪ್ರಮಾಣಪತ್ರವೂ ಇನ್ನೂ ಜಾರಿಗೆ ಬಂದಿರುವುದಿಲ್ಲ. ವಿಂಡೋಸಿನ ಸಮಯ ಸೇವೆ ಇದನ್ನು ತಾನೇ ಸರಿಪಡಿಸುತ್ತದೆ ಎಂದು ಹಲವರು ನಂಬುತ್ತಾರೆ. ಆದರೆ ಕಚೇರಿಯ ಜಾಲಕ್ಕೆ ಸೇರದ ಸ್ವತಂತ್ರ ಕಂಪ್ಯೂಟರಿನಲ್ಲಿ ಆ ಸೇವೆಗೆ ಮೊದಲೇ ನಿಗದಿಯಾಗಿರುವ ತಿದ್ದುಪಡಿಯ ಮಿತಿ 54,000 ಸೆಕೆಂಡು, ಅಂದರೆ 15 ಗಂಟೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಕಂಡಾಗ ಅದು ಕೈಹಾಕುವುದಿಲ್ಲ. ಕೆಲವು ನೂರು ರೂಪಾಯಿಯೊಳಗೆ ಮುಗಿಯುವ ಬ್ಯಾಟರಿ ಬದಲಾವಣೆಯ ಕೆಲಸವನ್ನು ಗುರುತಿಸದೆ ಇಡೀ ವಿಂಡೋಸನ್ನು ಹೊಸದಾಗಿ ಹಾಕುವವರು, ಮುಂದಿನ ಸಲ ವಿದ್ಯುತ್ ಹೋದಾಗ ಅದೇ ದೋಷ ಮರಳಿ ಬರುವುದಕ್ಕೆ ತಾವೇ ದಾರಿ ಬಿಟ್ಟುಕೊಟ್ಟಿರುತ್ತಾರೆ. ಮರುಸ್ಥಾಪನೆಯಿಂದ ಸಮಯದ ದೋಷ ಹುಟ್ಟುವುದೂ ಉಂಟು: ಅಮೆರಿಕದ ಇಂಗ್ಲಿಷ್ ಆರಿಸಿ ಹಾಕಿದ ವಿಂಡೋಸ್ ಅಮೆರಿಕದ ಪಶ್ಚಿಮ ಕರಾವಳಿಯ ಕಾಲವಲಯದೊಂದಿಗೆ ಆರಂಭವಾಗುವುದು ಸಾಮಾನ್ಯ, ವಲಯವನ್ನು ಬದಲಿಸದೆ ಗಂಟೆಯನ್ನು ಮಾತ್ರ ಭಾರತದ ವೇಳೆಗೆ ಕೈಯಾರೆ ತಿರುಗಿಸಿದರೆ ಪರದೆಯ ಮೇಲೆ ಎಲ್ಲವೂ ಸರಿಯೆನಿಸಿದರೂ ಯಂತ್ರದ ಒಳಲೆಕ್ಕ ಹನ್ನೆರಡೂವರೆಯಿಂದ ಹದಿಮೂರೂವರೆ ಗಂಟೆಯಷ್ಟು ತಪ್ಪಿರುತ್ತದೆ.

ಸ್ಟೋರನ್ನು ಉದ್ದೇಶಪೂರ್ವಕವಾಗಿ ಮುಚ್ಚಿರುವ ಸಂದರ್ಭಗಳೂ ಇವೆ. ಸಂಸ್ಥೆಗಳು ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ಆವೃತ್ತಿಗಳಲ್ಲಿ ನೀತಿಯೊಂದರ ಮೂಲಕ ಸ್ಟೋರನ್ನು ನಿಲ್ಲಿಸಬಹುದು. ದೀರ್ಘಾವಧಿ ಬೆಂಬಲದ ಎಲ್‌ಟಿಎಸ್‌ಸಿ ಆವೃತ್ತಿಯಲ್ಲಿ ಸ್ಟೋರ್ ಇರುವುದೇ ಇಲ್ಲ. ವಿಂಡೋಸಿನಲ್ಲಿ ಅಂತರ್ಗತವಾಗಿರುವ ಅಡ್ಮಿನಿಸ್ಟ್ರೇಟರ್ ಎಂಬ ಮೂಲ ಖಾತೆಯಿಂದ ಸ್ಟೋರಿನ ತಂತ್ರಾಂಶಗಳು ತೆರೆಯದಂತೆ ಭದ್ರತೆಯ ಕಾರಣಕ್ಕೆ ಮೊದಲಿನಿಂದಲೂ ತಡೆಯಿತ್ತು. ರಿಪೇರಿಗೆ ಅನುಕೂಲವೆಂದು ಆ ಮೂಲ ಖಾತೆಯಲ್ಲೇ ಕಂಪ್ಯೂಟರನ್ನು ಸಿದ್ಧಪಡಿಸಿ ಕೊಡುವ ವಾಡಿಕೆ ಇರುವಲ್ಲಿ ಈ ತಡೆಯನ್ನು ಕೆಡುಕೆಂದು ತಿಳಿಯುವುದು ಸಹಜ. ಆದರೆ ನಿಯಮದಂತೆ ನಡೆಯುತ್ತಿರುವುದನ್ನು ರಿಪೇರಿ ಮಾಡಲು ಬರುವುದಿಲ್ಲ. ಅಲ್ಲಿ ಬೇಕಾಗಿರುವುದು ಸರಿಯಾದ ಖಾತೆ ಅಥವಾ ಸರಿಯಾದ ಅನುಮತಿ.

ಈಗ ಪಟ್ಟಿಯ ಕೆಳಭಾಗದ ಪರಿಹಾರಗಳನ್ನು ನೋಡಬೇಕು, ಏಕೆಂದರೆ ಪ್ರಚಲಿತ ಅಭಿಪ್ರಾಯದ ನಿಜವಾದ ಬೆಲೆ ತೆರಬೇಕಾಗುವುದು ಅಲ್ಲಿ. ಫೈರ್‌ವಾಲ್ ಸೇವೆಯನ್ನು, ಎಂದರೆ ಜಾಲದ ಒಳಹೊರ ಸಂಚಾರವನ್ನು ಕಾಯುವ ವ್ಯವಸ್ಥೆಯನ್ನು, ಪೂರ್ತಿ ನಿಲ್ಲಿಸಿ ನೋಡಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಆ ಸೇವೆಯನ್ನು ನಿಲ್ಲಿಸಿದರೆ ಸ್ಟಾರ್ಟ್ ಮೆನು ಕೆಲಸ ಮಾಡದೆ ಹೋಗಬಹುದು, ಸ್ಟೋರಿನ ಬಗೆಯ ತಂತ್ರಾಂಶಗಳ ಸ್ಥಾಪನೆಯೂ ಪರಿಷ್ಕರಣೆಯೂ ವಿಫಲವಾಗಬಹುದು ಎಂದು ಮೈಕ್ರೋಸಾಫ್ಟಿನ ತಾಂತ್ರಿಕ ಕೈಪಿಡಿಯೇ ಎಚ್ಚರಿಸುತ್ತದೆ. ಸ್ಟೋರನ್ನು ಸರಿಪಡಿಸಲೆಂದು ಮಾಡಿದ ಕೆಲಸವೇ ಸ್ಟೋರ್ ಕೆಡಲು ಕಾರಣವಾಗುವ ಈ ಸಲಹೆ ಇಷ್ಟು ಕಾಲ ಬಾಳಿಬಂದಿದೆಯೆಂದರೆ, ಸಲಹೆ ಕೊಡುವವರು ಕೈಪಿಡಿಯನ್ನು ಓದಿಲ್ಲ, ಕೊಟ್ಟ ಮೇಲೆ ಪರಿಣಾಮವನ್ನು ನೋಡಿಲ್ಲ ಎಂದೇ ಹೇಳಬೇಕಾಗುತ್ತದೆ. ವಿಂಡೋಸ್‌ಆಪ್ಸ್ ಫೋಲ್ಡರಿನ ಒಡೆತನವನ್ನು ವ್ಯವಸ್ಥೆಯಿಂದ ಕಿತ್ತು ತಮ್ಮ ಖಾತೆಗೆ ಬರೆದುಕೊಳ್ಳುವುದು ಇನ್ನೊಂದು ಇಂಥ ಪರಿಹಾರ; ಆ ಫೋಲ್ಡರಿನ ಅನುಮತಿಗಳು ಒಮ್ಮೆ ಅಸ್ತವ್ಯಸ್ತವಾದರೆ ಸ್ಟೋರ್ ಮಾತ್ರವಲ್ಲ, ಅಲ್ಲಿ ನೆಲೆಸಿರುವ ಕ್ಯಾಲ್ಕುಲೇಟರ್, ಫೋಟೋಸ್ ಮುಂತಾದವೂ ತೆರೆಯಲು ನಿರಾಕರಿಸಬಹುದು. ಸ್ಟೋರನ್ನೇ ಪವರ್‌ಶೆಲ್ ಮೂಲಕ ಕಿತ್ತುಹಾಕಿ ಮತ್ತೆ ತರುವ ಸಲಹೆಯೂ ಇದೆ. ಸ್ಟೋರನ್ನು ತೆಗೆಯುವುದಕ್ಕೆ ಬೆಂಬಲವಿಲ್ಲವೆಂದು ತಯಾರಕರು ಸ್ಪಷ್ಟವಾಗಿ ಹೇಳಿದ್ದಾರೆ, ಮತ್ತು ಇತರ ತಂತ್ರಾಂಶಗಳನ್ನು ತರುವ ದಾರಿಯೇ ಸ್ಟೋರ್ ಆಗಿರುವಾಗ ತೆಗೆದ ಸ್ಟೋರನ್ನು ಮರಳಿ ತರುವುದು ಸಾಮಾನ್ಯ ಬಳಕೆದಾರರಿಗೆ ಸುಲಭವಲ್ಲ.

ಎಲ್ಲಕ್ಕಿಂತ ಕೆಳಗೆ ಇರುವುದು ಫಾರ್ಮ್ಯಾಟ್, ಎಂದರೆ ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಅದರ ಸೌಮ್ಯ ರೂಪ ವಿಂಡೋಸಿನೊಳಗೇ ಇರುವ ರೀಸೆಟ್. ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆ ರೀಸೆಟ್‌ನಲ್ಲಿ ಇದೆಯಾದ್ದರಿಂದ ಅದರಿಂದ ನಷ್ಟವಿಲ್ಲವೆಂದು ಭಾವಿಸುವುದುಂಟು. ಆ ಆಯ್ಕೆಯಲ್ಲಿಯೂ ಬಳಕೆದಾರರು ಸ್ವತಃ ಹಾಕಿಕೊಂಡ ಡೆಸ್ಕ್‌ಟಾಪ್ ತಂತ್ರಾಂಶಗಳು ಅಳಿಸಿಹೋಗುತ್ತವೆ, ಅವುಗಳ ಹೆಸರಿನ ಪಟ್ಟಿಯೊಂದು ಮಾತ್ರ ಉಳಿಯುತ್ತದೆ. ಕರ್ನಾಟಕದ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ, ಲೇಖಕರ ಮನೆಗಳಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತಗಳು ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರಸಂಕೇತವನ್ನು ಅನುಸರಿಸುವುದಿಲ್ಲ. ಆ ಫಾಂಟು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಂಥ ಕಡತವನ್ನು ತೆರೆದಾಗ ಕನ್ನಡದ ಬದಲು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಅರ್ಥವಿಲ್ಲದ ಸಾಲುಗಳು ಕಾಣಿಸುತ್ತವೆ. ಕಡತಗಳು ಉಳಿದಿವೆ ಎಂಬ ಭರವಸೆ ಅಕ್ಷರಶಃ ನಿಜವೇ ಆದರೂ, ಯಾವ ಆವೃತ್ತಿಯ ಯಾವ ಫಾಂಟು ಬೇಕಿತ್ತೆಂದು ಮರೆತುಹೋದ ಮನೆಯಲ್ಲಿ ಅವು ಓದಲು ಬಾರದ ಸ್ಥಿತಿಯಲ್ಲಿ ಉಳಿದಿರುತ್ತವೆ. ಡಿಸ್ಕಿನ ಮಾಹಿತಿ ಗೂಢಲಿಪೀಕರಣಗೊಂಡಿದ್ದರೆ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಬಿಟ್‌ಲಾಕರ್ ಎಂಬ ಆ ರಕ್ಷಣೆಯನ್ನು ತೆರೆಯಲು 48 ಅಂಕಿಗಳ ಪುನಶ್ಚೇತನ ಕೀಲಿ ಬೇಕಾಗಬಹುದು ಮತ್ತು ಅಂಥದೊಂದು ಕೀಲಿ ಇದೆಯೆಂಬುದೇ ಹಲವರಿಗೆ ತಿಳಿದಿರುವುದಿಲ್ಲ. ದಿನಾಂಕದ ದೋಷಕ್ಕೋ ಮರೆತುಹೋದ ಪ್ರಾಕ್ಸಿಗೋ ಇಷ್ಟೆಲ್ಲವನ್ನು ಪಣಕ್ಕಿಡುವುದು ಮೂಗಿನ ಮೇಲೆ ಕುಳಿತ ನೊಣವನ್ನು ಹೊಡೆಯಲು ಒನಕೆ ಎತ್ತಿದ ಹಾಗೆ.

ದೋಷ ಬಳಸುವವರದೇ ಎಂಬ ನಂಬಿಕೆಯನ್ನು ಅಲ್ಲಗಳೆಯಲು ಇತಿಹಾಸದಲ್ಲಿ ದಾಖಲಾದ ಘಟನೆಗಳೇ ಸಾಕು. ವಿಂಡೋಸ್ 11 ಬಿಡುಗಡೆಯಾಗಿ ಒಂದು ತಿಂಗಳೂ ತುಂಬದಿದ್ದಾಗ, 2021ರ ಅಕ್ಟೋಬರ್ 31ರಂದು, ಮೈಕ್ರೋಸಾಫ್ಟಿನ ಡಿಜಿಟಲ್ ಪ್ರಮಾಣಪತ್ರವೊಂದರ ಅವಧಿ ಮುಗಿಯಿತು. ಮರುದಿನದಿಂದ ಸ್ನಿಪ್ಪಿಂಗ್ ಟೂಲ್, ಸ್ಪರ್ಶ ಕೀಲಿಮಣೆ, ಧ್ವನಿಯಿಂದ ಟೈಪಿಸುವ ಸೌಲಭ್ಯ, ಎಮೋಜಿ ಫಲಕಗಳಂಥ ಅಂತರ್ಗತ ಸಲಕರಣೆಗಳು ಹಲವರ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ, ಎಸ್ ಮೋಡ್ ಇದ್ದ ಯಂತ್ರಗಳಲ್ಲಿ ಸೆಟ್ಟಿಂಗ್ಸಿನ ಕೆಲವು ಪುಟಗಳೂ ಮೂಡಲಿಲ್ಲ. ತಪ್ಪು ತಮ್ಮ ಪ್ರಮಾಣಪತ್ರದ್ದೆಂದು ತಯಾರಕರು ಒಪ್ಪಿಕೊಂಡು ತಿದ್ದುಪಡಿ ಹೊರಡಿಸಿದರು. ಆ ದಿನಗಳಲ್ಲಿ ಕ್ಯಾಶ್ ಖಾಲಿ ಮಾಡಿದವರು, ನೋಂದಣಿ ಮರುಮಾಡಿದವರು, ಫಾರ್ಮ್ಯಾಟ್ ಮಾಡಿಸಿಕೊಂಡವರು ಯಾರೇ ಇರಲಿ, ಅವರ ಶ್ರಮವೆಲ್ಲ ವ್ಯರ್ಥವೇ. ಇದು ಒಂದೇ ಕಂಪನಿಯ ಕಥೆಯೂ ಅಲ್ಲ. 2015ರ ನವೆಂಬರಿನಲ್ಲಿ ಆಪಲ್ ಕಂಪನಿಯ ಮ್ಯಾಕ್ ಆಪ್ ಸ್ಟೋರಿನ ಪ್ರಮಾಣಪತ್ರ ಅವಧಿ ಮೀರಿದಾಗ, ಹಣ ಕೊಟ್ಟು ಕೊಂಡ ತಂತ್ರಾಂಶಗಳು ಹಾಳಾಗಿವೆ, ಅವನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ ಎಂಬರ್ಥದ ಸಂದೇಶ ಬಳಕೆದಾರರಿಗೆ ಕಂಡಿತು. ಹಾಳಾಗಿದ್ದದ್ದು ಯಾವುದೂ ಇರಲಿಲ್ಲ. 2020ರ ನವೆಂಬರ್ 12ರಂದು ಬಿಗ್ ಸರ್ ಎಂಬ ಆವೃತ್ತಿ ಬಿಡುಗಡೆಯಾದ ದಿನ, ತಂತ್ರಾಂಶಗಳ ಪ್ರಮಾಣಪತ್ರವನ್ನು ಪರಿಶೀಲಿಸುವ ಆಪಲ್‌ನ ಸರ್ವರ್ ನಿಧಾನವಾದ ಕಾರಣ, ಹೊಸ ಆವೃತ್ತಿಯನ್ನು ಹಾಕಿಕೊಳ್ಳದವರ ಮ್ಯಾಕ್‌ಗಳಲ್ಲಿಯೂ ತಂತ್ರಾಂಶಗಳು ತೆರೆಯದೆ ನಿಂತವು. ಇಂಟರ್ನೆಟ್ ಸಂಪರ್ಕವನ್ನು ಕಡಿದರೆ ಅವು ತೆರೆಯುತ್ತಿದ್ದವು. ಮನೆಯಲ್ಲಿ ಕುಳಿತು ಬಳಸುವವರ ಯಾವ ಜಾಗರೂಕತೆಯೂ ಇಂಥ ದೋಷವನ್ನು ತಡೆಯಲಾರದು. ಇಂದು ತೆರೆಯದ್ದು ನಾಳೆಯವರೆಗೆ ಕಾಯುವುದರಿಂದಲೇ ಸರಿಹೋಗಬಹುದು ಎಂಬ ಸಾಧ್ಯತೆಗೆ ಪರಿಹಾರಪಟ್ಟಿಯಲ್ಲಿ ಸ್ಥಾನವೇ ಇಲ್ಲದಿರುವುದು ಅದರ ಅತ್ಯಂತ ದೊಡ್ಡ ಕೊರತೆ.

ಪ್ರಚಲಿತ ಅಭಿಪ್ರಾಯದ ಪರವಾಗಿ ಹೇಳಬಹುದಾದ ಪ್ರಬಲ ಮಾತೊಂದಿದೆ, ಅದನ್ನು ನ್ಯಾಯವಾಗಿ ಎದುರಿಸಬೇಕು. ರಿಪೇರಿಯವರಿಗೆ ಸಮಯವೇ ಸಂಪಾದನೆ, ಗ್ರಾಹಕರಿಗೆ ಕಾರಣ ಬೇಕಿಲ್ಲ, ಕೆಲಸ ಮುಗಿದರೆ ಸಾಕು, ಮತ್ತು ಫಾರ್ಮ್ಯಾಟ್ ಮಾಡಿದರೆ ಬಹುಪಾಲು ದೋಷಗಳು ಒಂದೇ ಏಟಿಗೆ ಹೋಗುತ್ತವೆ ಎಂಬುದು ಆ ವಾದ. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. ವೈರಸ್ಸಿನಿಂದ ತೀವ್ರವಾಗಿ ಹಾಳಾದ ಅಥವಾ ಎಲ್ಲೆಲ್ಲಿಂದಲೋ ತಂದ ಮಾರ್ಪಡಿಸಿದ ವಿಂಡೋಸ್ ಇರುವ ಯಂತ್ರದಲ್ಲಿ ಮರುಸ್ಥಾಪನೆಯೇ ಸರಿಯಾದ ದಾರಿ. ಆದರೆ ಆ ತೀರ್ಮಾನಕ್ಕೆ ಬರಬೇಕಾದರೂ ಮೊದಲು ಪರೀಕ್ಷೆ ನಡೆದಿರಬೇಕು. ಗಡಿಯಾರ ಮತ್ತು ಕಾಲವಲಯವನ್ನು ನೋಡುವುದು, ಹಾಟ್‌ಸ್ಪಾಟಿನಲ್ಲಿ ಜೋಡಿಸಿ ನೋಡುವುದು, ಹೊಸ ಖಾತೆಯಲ್ಲಿ ಒತ್ತಿ ನೋಡುವುದು, ಈವೆಂಟ್ ವ್ಯೂವರ್ ಎಂಬ ವಿಂಡೋಸಿನ ದಿನಚರಿಯಲ್ಲಿ ಪ್ಯಾಕೇಜುಗಳ ವಿಭಾಗವನ್ನು ತೆರೆದು ದೋಷದ ಸಂಕೇತವನ್ನು ಓದುವುದು, ಇವೆಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಮರುಸ್ಥಾಪನೆ, ಅಪ್‌ಡೇಟು, ತಂತ್ರಾಂಶಗಳ ಜೋಡಣೆಗೆ ಹಿಡಿಯುವ ಹೊತ್ತು ಇದಕ್ಕಿಂತ ಬಹಳ ಹೆಚ್ಚು. ಸಂಕೇತಗಳೂ ಓದಲು ಬಾರದ ರಹಸ್ಯಗಳಲ್ಲ. 80070005 ಎಂದು ಮುಗಿಯುವ ಸಂಕೇತ ಅನುಮತಿ ನಿರಾಕರಣೆಯನ್ನು ಸೂಚಿಸುತ್ತದೆ, ಅಲ್ಲಿ ಜಾಲಸಂಪರ್ಕವನ್ನು ತಡಕಾಡುವುದು ವ್ಯರ್ಥ. 80072ಇಇ7 ಎಂದಿದ್ದರೆ ಸರ್ವರಿನ ಹೆಸರಿಗೆ ವಿಳಾಸ ಸಿಗಲಿಲ್ಲ ಎಂದರ್ಥ, ಅಲ್ಲಿ ಕಡತಗಳ ಅನುಮತಿಯನ್ನು ಬದಲಿಸುವುದು ಅಪಾಯಕರ. 80072ಎಫ್8ಎಫ್ ಎಂದಿದ್ದರೆ ಸುರಕ್ಷಿತ ಸಂಪರ್ಕದ ಪರಿಶೀಲನೆ ವಿಫಲವಾಗಿದೆ, ಮೊದಲು ನೋಡಬೇಕಾದದ್ದು ಗಡಿಯಾರವನ್ನು. ಒಂದು ಸಂಕೇತ ಓದಿದರೆ ಪಟ್ಟಿಯ ಎಂಟು ಸಾಲುಗಳು ತಾವಾಗಿ ಬಿದ್ದುಹೋಗುವಾಗ ಸಮಯವಿಲ್ಲವೆಂಬ ವಾದ ನಿಲ್ಲುವುದಿಲ್ಲ.

ತಯಾರಕರ ಪಾಲಿನ ಹೊಣೆಯನ್ನೂ ಇಲ್ಲಿ ಹೇಳದಿದ್ದರೆ ರಿಪೇರಿಯವರ ಮೇಲೆ ಹೊರಿಸಿದ ಆರೋಪ ಅನ್ಯಾಯವಾಗುತ್ತದೆ. ವಿಂಡೋಸಿನೊಳಗೆ ಯಾವ ಪರಿಶೀಲನೆ ವಿಫಲವಾಯಿತೆಂಬ ಮಾಹಿತಿ ಇರುತ್ತದೆ; ಆದರೆ ಪರದೆಯ ಮೇಲೆ ಬರುವುದು ಏನೋ ತಪ್ಪಾಯಿತು, ಆಮೇಲೆ ಪ್ರಯತ್ನಿಸಿ ಎಂಬಂಥ ಮಾತು, ಅಥವಾ ಕ್ಷಣ ಮಾತ್ರ ಕಾಣಿಸಿ ಮುಚ್ಚಿಹೋಗುವ ಕಿಟಕಿ. ಗಡಿಯಾರ ಹಿಂದಿದೆ, ಪ್ರಾಕ್ಸಿಯೊಂದು ಅಡ್ಡ ಬಂದಿದೆ, ನಿಮ್ಮ ಸಂಸ್ಥೆ ಇದನ್ನು ನಿಲ್ಲಿಸಿದೆ ಎಂದು ನೇರವಾಗಿ, ಬಳಸುವವರ ಭಾಷೆಯಲ್ಲಿ ಹೇಳುವುದು ತಾಂತ್ರಿಕವಾಗಿ ಅಸಾಧ್ಯವೇನಲ್ಲ; ದಿನಾಂಕ ತಪ್ಪಿದ್ದಾಗ ನಿಮ್ಮ ಗಡಿಯಾರ ಹಿಂದಿದೆ ಎಂದು ಬ್ರೌಸರುಗಳು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿವೆ. ಕಾರಣವನ್ನು ಮುಚ್ಚಿಟ್ಟ ತಂತ್ರಾಂಶ ಕಾರಣ ಕೇಳದ ರಿಪೇರಿಯನ್ನು ಬೆಳೆಸಿದೆ, ಮತ್ತು ಅದರ ನಷ್ಟ ಬೀಳುವುದು ಇಬ್ಬರ ಮೇಲೂ ಅಲ್ಲ, ಕಡತ ಕಳೆದುಕೊಂಡ ಮೂರನೆಯವರ ಮೇಲೆ.

ಆದ್ದರಿಂದ ಕಂಪ್ಯೂಟರನ್ನು ರಿಪೇರಿಗೆ ಕೊಡುವವರು ಒಂದು ಹಕ್ಕನ್ನು ಬಿಟ್ಟುಕೊಡಬಾರದು. ಫಾರ್ಮ್ಯಾಟ್ ಮಾಡಬೇಕು ಎಂಬ ಮಾತು ಬಂದಾಗ, ಹೊಸ ಖಾತೆಯಲ್ಲಿ ಸ್ಟೋರ್ ತೆರೆಯಿತೇ, ಬೇರೆ ಜಾಲದಲ್ಲಿ ತೆರೆಯಿತೇ, ದಿನಾಂಕ ಮತ್ತು ಕಾಲವಲಯ ಸರಿಯಿದ್ದವೇ, ದಿನಚರಿಯಲ್ಲಿ ಸಿಕ್ಕ ಸಂಕೇತ ಯಾವುದು ಎಂದು ಕೇಳಬೇಕು, ಮತ್ತು ಸಿಕ್ಕ ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಕಡೆ ಕಂಪ್ಯೂಟರನ್ನು ಬಿಟ್ಟು ಬರಬೇಡಿ.